18 ತಿಂಗಳ ರಿಪೋರ್ಟ್ ಕೈಗೆ ಬರುವ ತನಕ

ಹೋದ ತಿಂಗಳು ಮಗಳ 18 ತಿಂಗಳ ಎಚ್‌ಐವಿ ಪರೀಕ್ಷೆಯ ರಿಪೋರ್ಟ್ ಬಂತು. ನೆಗೆಟಿವ್. ನನಗೆ ಎಚ್‌ಐವಿ ಇದೆ, ಗಂಡನಿಗೂ ಇದೆ, ಅವಳಿಗಿಲ್ಲ. ಬಸುರಿಯಾಗಿದ್ದಾಗ ವಿಷಯ ಗೊತ್ತಾಗಿ, ರಾತ್ರಿಯೆಲ್ಲ ಮೊಬೈಲ್ ಹಿಡಿದು ಕನ್ನಡದಲ್ಲಿ ಹುಡುಕುತ್ತಾ ಕೂತಿದ್ದವಳು ನಾನು. ಸಿಕ್ಕಿದ್ದೆಲ್ಲ ಕಾಯಿಲೆ ಹೇಗೆ ಹರಡುತ್ತೆ, ಹೇಗೆ ಹರಡಲ್ಲ ಅನ್ನುವ ಪಾಠ. ಮಗುವಿನ ಸಿರಪ್ ಬಾಟಲಿಯನ್ನು ಅತ್ತೆ ಕಣ್ಣಿಗೆ ಬೀಳದ ಹಾಗೆ ಎಲ್ಲಿಡಬೇಕು, ನೋಡಲು ಬಂದವರು ಮಗುವಿಗೆ ಜೇನು ನೆಕ್ಕಿಸಲು ಹೊರಟರೆ ಏನು ಹೇಳಬೇಕು, ಅಳು ಬಂದರೆ ಯಾರ ಮುಂದೆ ಅಳಬೇಕು, ಇದನ್ನೆಲ್ಲ ಯಾರೂ ಬರೆದಿರಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಹೆಸರು, ಏರಿಯಾ ಹೇಳಲ್ಲ. ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ, ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಅಷ್ಟು ಗೊತ್ತಿದ್ದರೆ ಸಾಕು.

ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದೆ. ಬಸುರಿಯರಿಗೆ ಮಾಡುವ ರಕ್ತ ಪರೀಕ್ಷೆಗಳಲ್ಲಿ ಎಚ್‌ಐವಿಯೂ ಒಂದು. ಕೆಲವು ದಿನ ಬಿಟ್ಟು ಫೋನ್ ಬಂತು, "ಒಂದ್ಸಲ ಬಂದು ಹೋಗಿ, ಯಜಮಾನರನ್ನೂ ಕರೆದುಕೊಂಡು ಬನ್ನಿ" ಅಂದರು. ಯಾಕೆ ಅಂದರೆ ಹೇಳಲಿಲ್ಲ. ರಕ್ತ ಕಮ್ಮಿ ಇರಬೇಕು ಅಂದುಕೊಂಡೆ. ಅಲ್ಲಿಂದ ದೊಡ್ಡಾಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಕೇಂದ್ರಕ್ಕೆ, ಕಳಿಸಿದರು. ಮೊದಲ ಪರೀಕ್ಷೆ ಬರೀ ಸೂಚನೆ ಅಷ್ಟೇ. ಐಸಿಟಿಸಿಯಲ್ಲಿ ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ನೋಡಿದ ಮೇಲೇ ಖಚಿತ ಅನ್ನುತ್ತಾರೆ. ನಿಮಗೂ ಹೀಗೆ ಫೋನ್ ಬಂದರೆ ಪ್ರೈವೇಟ್ ಲ್ಯಾಬ್‌ಗಳಿಗೆ ಅಲೆದು ದುಡ್ಡು ಸುರಿಯಬೇಡಿ, ನೇರವಾಗಿ ಇಲ್ಲಿಗೆ ಹೋಗಿ. ದುಡ್ಡು ಕೇಳಲ್ಲ.

ಕೌನ್ಸೆಲರ್ ಬಾಗಿಲು ಹಾಕಿ ಕೂರಿಸಿದರು. ನಾನು ಬಾಯಿ ಬಿಡುವ ಮೊದಲೇ "ಮಗುವನ್ನು ತೆಗೆಸಬೇಕಾಗಿಲ್ಲ" ಅಂದರು. ಔಷಧಿ ಏನೂ ಇಲ್ಲದಿದ್ದರೆ 100ರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಬರಬಹುದು, ಮಾತ್ರೆ ಸರಿಯಾಗಿ ನುಂಗಿದರೆ ಅದು 5ಕ್ಕಿಂತ ಕೆಳಗೆ ಬರುತ್ತೆ ಅಂತ ಕಾಗದದ ಮೇಲೆ ಬರೆದು ತೋರಿಸಿದರು. ನನ್ನ ಕಣ್ಣು ಆ 45ರ ಮೇಲೇ ನಿಂತಿತ್ತು. ಮಿಕ್ಕಿದ್ದೇನೂ ಅವತ್ತು ತಲೆಗೆ ಹೋಗಲಿಲ್ಲ. ಯಾರಿಗೂ ಹೋಗಲ್ಲವಂತೆ. ಅದಕ್ಕೇ ಅವರು ಇನ್ನೊಂದು ದಿನ ಬನ್ನಿ ಅಂತ ಕರೆಯುತ್ತಾರೆ. ತಪ್ಪಿಸಬೇಡಿ.

ಗಂಡನ ಪರೀಕ್ಷೆಯೂ ಪಾಸಿಟಿವ್ ಬಂತು. ಯಾರಿಂದ ಯಾರಿಗೆ ಅನ್ನುವುದು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಯಾರೂ ಆಡದ ಮಾತಾಗಿ ಉಳಿಯಿತು. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಬಸುರಿಯಾದವರಿಗೆ ಪರೀಕ್ಷೆ ಮಾಡುತ್ತಾರೆ, ಗಂಡಸರಿಗೆ ಹಾಗೆ ಮಾಡುವ ಸಂದರ್ಭವೇ ಬರಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಮೊದಲು ಹೆಂಗಸಿನ ರಿಪೋರ್ಟ್ ಹೊರಗೆ ಬರುತ್ತೆ, ತಂದವಳು ಇವಳೇ ಅನ್ನುತ್ತಾರೆ. ಮೊದಲು ಯಾರಿಗೆ ಗೊತ್ತಾಯಿತು ಅನ್ನುವುದಕ್ಕೂ ಮೊದಲು ಯಾರಿಗೆ ಬಂತು ಅನ್ನುವುದಕ್ಕೂ ಸಂಬಂಧವೇ ಇಲ್ಲ. ನನ್ನ ಗಂಡ ಆ ಮಾತು ಎತ್ತಲಿಲ್ಲ. ಆದರೆ ಬೇರೇನೂ ಮಾತಾಡಲಿಲ್ಲ. ರಾತ್ರಿ ತಡವಾಗಿ ಬರುವುದು, ಉಣ್ಣದೆ ಮಲಗುವುದು. ನನಗೆ ಬೈದಿದ್ದರೂ ಇಷ್ಟು ಕಷ್ಟ ಆಗುತ್ತಿರಲಿಲ್ಲವೇನೋ.

ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಸೆಂಟರ್‌ಗೆ ಹೆಸರು ಹಚ್ಚಲು ಐಸಿಟಿಸಿ ರಿಪೋರ್ಟ್, ಆಧಾರ್ ಜೆರಾಕ್ಸ್, ವಿಳಾಸದ ಪುರಾವೆ, ಪಾಸ್‌ಪೋರ್ಟ್ ಸೈಜ್ ಫೋಟೊ ಒಯ್ಯಿರಿ. ಗಂಡ ಹೆಂಡತಿ ಇಬ್ಬರದೂ ಎರಡೆರಡು ಜೆರಾಕ್ಸ್ ಇರಲಿ. ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಆ ರಿಪೋರ್ಟ್ ಕೊಟ್ಟು ನಿಲ್ಲುವುದಿದೆಯಲ್ಲ, ಆ ಹಿಂಸೆ ಬೇಡ. ಮೊದಲ ದಿನ ತೂಕ, ಟಿಬಿ ಲಕ್ಷಣಗಳ ಪ್ರಶ್ನೆ, ಮೈಯಲ್ಲಿ ರೋಗ ತಡೆಯುವ ಶಕ್ತಿ ಎಷ್ಟಿದೆ ಅಂತ ನೋಡುವ ಸಿಡಿ4 ರಕ್ತ ಪರೀಕ್ಷೆ, ಡಾಕ್ಟರ್, ಕೌನ್ಸೆಲರ್, ಆಮೇಲೆ ಔಷಧಿ ಕಿಟಕಿ. ಒಂದೊಂದಕ್ಕೂ ಒಂದೊಂದು ಸಾಲು. ಬೆಳಿಗ್ಗೆ ಹೋದರೆ ಮಧ್ಯಾಹ್ನ ಆಗುತ್ತೆ. ತಿಂಡಿ ತಿಂದು ಹೋಗಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಕೈಗೆ ಒಂದು ಹಸಿರು ಪುಸ್ತಕ ಕೊಡುತ್ತಾರೆ. ಮುಂದೆ ಎಲ್ಲದಕ್ಕೂ ಅದೇ ಬೇಕು.

ಮನೆ ಹತ್ತಿರದ ಸೆಂಟರ್ ಬೇಡ, ಯಾರಾದರೂ ನೋಡಿಬಿಟ್ಟರೆ ಅಂತ ದೂರದ್ದನ್ನು ಆರಿಸಿಕೊಂಡೆವು. ಹೆಚ್ಚಿನವರು ಹಾಗೇ ಮಾಡುತ್ತಾರೆ. ಎರಡು ಬಸ್ ಬದಲಾಯಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆ ಪುಣ್ಯ ದೊಡ್ಡದು. ಆದರೆ ಒಂಬತ್ತು ತಿಂಗಳ ಹೊಟ್ಟೆ ಹೊತ್ತು ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸುವಾಗ ಹತ್ತಿರದ್ದೇ ಆಗಿದ್ದರೆ ಅನ್ನಿಸಿತ್ತು. ಯೋಚನೆ ಮಾಡಿ ಆರಿಸಿಕೊಳ್ಳಿ. ಮೊದಲು ಪ್ರತಿ ತಿಂಗಳೂ ಹೋಗಬೇಕು. ಎಲ್ಲ ಸರಿಯಾಗಿದ್ದರೆ ಆಮೇಲೆ ಒಟ್ಟಿಗೆ ಕೆಲವು ತಿಂಗಳ ಮಾತ್ರೆ ಕೊಡುತ್ತಾರೆ.

ಮಾತ್ರೆ ದಿನಕ್ಕೆ ಒಂದೇ. ಮೂರು ಔಷಧಿ ಸೇರಿದ ಒಂದು ಮಾತ್ರೆ, ಟಿಎಲ್‌ಡಿ ಅನ್ನುತ್ತಾರೆ. ಶುರುವಿನಲ್ಲಿ ವಾಕರಿಕೆ, ಬೇಡದ ಕನಸು, ಎರಡು ಮೂರು ವಾರಕ್ಕೆ ಕಮ್ಮಿಯಾಯಿತು. ಬಸುರಿಯರು ಇದೊಂದನ್ನು ನೆನಪಿಡಿ. ಆರೋಗ್ಯ ಕೇಂದ್ರದಲ್ಲಿ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಶಿಯಂ ಮಾತ್ರೆಯನ್ನೂ ಕೊಡುತ್ತಾರಲ್ಲ, ಅವನ್ನು ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆ ನುಂಗಿದರೆ ಟಿಎಲ್‌ಡಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಷ್ಟು ಗಂಟೆ ಅಂತರ ಬೇಕು ಅಂತ ಕೇಳಿ ಪುಸ್ತಕದ ಹಿಂದೆ ಬರೆಸಿಕೊಳ್ಳಿ. ನಾನು ಟಿಎಲ್‌ಡಿ ರಾತ್ರಿಗೆ, ಮಿಕ್ಕಿದ್ದು ಬೆಳಿಗ್ಗೆ ಮತ್ತು ಮಧ್ಯಾಹ್ನಕ್ಕೆ ಇಟ್ಟುಕೊಂಡೆ.

ಬಾಟಲಿಯದ್ದು ಇನ್ನೊಂದು ಕಥೆ. ಅಲ್ಲಾಡಿದರೆ ಗಲಗಲ ಸದ್ದು ಮಾಡುತ್ತೆ. ಬ್ಯಾಗಿನಲ್ಲಿಟ್ಟುಕೊಂಡು ಫ್ಯಾಕ್ಟರಿ ಗೇಟಿನಲ್ಲಿ ಚೆಕಿಂಗ್‌ಗೆ ನಿಂತಾಗ ಆ ಸದ್ದು ಇಡೀ ಪೀಣ್ಯಕ್ಕೇ ಕೇಳಿಸುತ್ತಿದೆ ಅನ್ನಿಸೋದು. ಮೇಲಿನ ಲೇಬಲ್ ನೀರಲ್ಲಿ ನೆನೆಸಿ ಕಿತ್ತು, ಒಳಗೆ ಹತ್ತಿ ತುರುಕಿದೆ. ಈ ಉಪಾಯ ಹೇಳಿಕೊಟ್ಟವರು ಒಬ್ಬ ಅಕ್ಕ.

ಆ ಅಕ್ಕನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇದನ್ನು ಬರೆಯುತ್ತಿರುವುದೇ ಅವರಿಂದ. ಸೆಂಟರಿನ ಬೆಂಚಿನಲ್ಲಿ ನಾನು ದುಪಟ್ಟಾ ಮುಖಕ್ಕೆ ಸುತ್ತಿ ಕೂತಿದ್ದೆ. ಪಕ್ಕದಲ್ಲಿ ಕೂತವರು "ಎಷ್ಟು ತಿಂಗಳು?" ಅಂದರು. ಐದು ಅಂದೆ. "ನನ್ನ ಮಗ ಒಂಬತ್ತನೇ ಕ್ಲಾಸು, ಅವನಿಗೇನಿಲ್ಲ" ಅಂದರು. ಅಷ್ಟೇ. ಡಾಕ್ಟರ್, ಕೌನ್ಸೆಲರ್ ಎಷ್ಟು ಸಲ ಹೇಳಿದ್ದರೂ ನಾನು ನಂಬಿರಲಿಲ್ಲ. ಇವರ ಬಾಯಿಂದ ಕೇಳಿದಾಗ ನಂಬಿದೆ. ಅವರೂ ಸೋಂಕು ಇರುವವರೇ, ನಮ್ಮಂಥವರಿಗೆ ಸಹಾಯ ಮಾಡುವ ಒಂದು ಗುಂಪಿನಲ್ಲಿ ಕೆಲಸ ಮಾಡುತ್ತಿದ್ದರು. ನಂಬರ್ ಕೊಟ್ಟರು. ನಾನು ಬಹಳ ದಿನ ಫೋನ್ ಮಾಡಲಿಲ್ಲ. ಮಾಡಿದ ದಿನ ಮಾತಾಡಲಾಗದೆ ಸುಮ್ನೆ ಅತ್ತುಬಿಟ್ಟೆ, ಅವರು ಫೋನ್ ಇಡದೆ ಕಾದರು.

ಅದಕ್ಕೆ ಒಂದು ನರ್ಸಿಂಗ್ ಹೋಮ್ ಕಾರಣ. ಹೆರಿಗೆಗೆ ಅಂತ ಮೊದಲಿನಿಂದ ತೋರಿಸುತ್ತಿದ್ದ ಜಾಗ. ಡಾಕ್ಟರಿಗೆ ಹೇಳಬೇಕಲ್ಲ ಅಂತ ಹೇಳಿದೆ. ಅವರು ಫೈಲ್ ಮುಚ್ಚಿ, "ನಮ್ಮಲ್ಲಿ ಇದಕ್ಕೆ ಫೆಸಿಲಿಟಿ ಇಲ್ಲ, ಗೌರ್ಮೆಂಟ್‌ಗೆ ಹೋಗಿ" ಅಂದರು. ಕಟ್ಟಿದ ಅಡ್ವಾನ್ಸ್ ವಾಪಸ್ ಕೊಡುವಾಗ ರಿಸೆಪ್ಷನ್ ಹುಡುಗಿ ನೋಟನ್ನು ಕೈಗೆ ಕೊಡದೆ ಟೇಬಲ್ ಮೇಲಿಟ್ಟಳು. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ, ನಮ್ಮ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವ ಹಾಗೂ ಇಲ್ಲ. 2017ರಲ್ಲಿ ಆದ ಕಾನೂನು ಇದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ದೂರು ಕೇಳಲು ಓಂಬುಡ್ಸ್‌ಮನ್ ಅಂತ ಒಬ್ಬರನ್ನು ನೇಮಿಸಬೇಕು ಅಂತಲೂ ಅದರಲ್ಲೇ ಇದೆ. ಇದೆಲ್ಲ ನನಗೆ ಅಕ್ಕ ಆಮೇಲೆ ಹೇಳಿದ್ದು. ಬಸುರಿ ಹೊಟ್ಟೆ ಇಟ್ಟುಕೊಂಡು ಜಗಳಕ್ಕೆ ನಿಲ್ಲುವ ತ್ರಾಣ ನನಗಿರಲಿಲ್ಲ. ನಿಮಗಿದ್ದರೆ ನಿಲ್ಲಿ.

ಅಕ್ಕ ಒಂದು ಶನಿವಾರ ಗುಂಪಿನ ಸಭೆಗೆ ಕರೆದುಕೊಂಡು ಹೋದರು. ಎಲ್ಲರೂ ಅಳುತ್ತಾ ಕೂತಿರುತ್ತಾರೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ನಗು. ಮನೆಯವರಿಗೆ ಮಾತ್ರೆ ಯಾಕೆ ಅಂತ ಏನು ಹೇಳಿದ್ದೀರಿ ಅನ್ನೋ ಮಾತು ನಡೀತಿತ್ತು. ಅರ್ಧ ಜನಕ್ಕೆ ಥೈರಾಯ್ಡ್, ಇನ್ನರ್ಧ ಜನಕ್ಕೆ ರಕ್ತ ಕಮ್ಮಿ. ಒಬ್ಬರು ಥೈರಾಯ್ಡ್ ಅಂತ ಹೇಳಿ, ನಾದಿನಿ "ನನಗೂ ಅದೇ, ನಿಂದು ಎಷ್ಟು ಎಂಜಿ?" ಅಂದಾಗ ತಡವರಿಸಿದ್ದನ್ನು ಹೇಳಿದರು. ಬಿದ್ದು ಬಿದ್ದು ನಕ್ಕೆವು. ಎಷ್ಟೋ ತಿಂಗಳ ಮೇಲೆ ನಾನು ನಕ್ಕಿದ್ದು ಅವತ್ತೇ. ಗಂಡನನ್ನು ಕಳೆದುಕೊಂಡವರಿದ್ದರು, ಅತ್ತೆ ಮನೆಯಿಂದ ಹೊರಗೆ ಹಾಕಿಸಿಕೊಂಡವರಿದ್ದರು, ಮಗುವಿಗೂ ಸೋಂಕು ಇರುವವರಿದ್ದರು. ಅವರ ಮುಂದೆ ನನ್ನ ಮಗುವಿಗೆ ಬರದಿದ್ದರೆ ಸಾಕು ಅಂತ ಹೇಳಲು ನಾಚಿಕೆಯಾಯಿತು. ಮಗುವಿಗೂ ಸೋಂಕು ಇದ್ದ ಒಬ್ಬ ತಾಯಿಯೇ "ಹೇಳಮ್ಮ, ಎಲ್ಲರಿಗೂ ಅದೇ ಆಸೆ" ಅಂದರು.

ಇಂಥ ಗುಂಪು ಹುಡುಕುವುದು ಹೇಗೆ ಅಂತ ಕೇಳುವವರಿಗೆ: ಎಆರ್‌ಟಿ ಸೆಂಟರಿನ ಕೌನ್ಸೆಲರ್‌ನ್ನೇ ಕೇಳಿ, ಅವರಿಗೆ ಗೊತ್ತಿರುತ್ತೆ. ಸೋಂಕಿನ ಜೊತೆ ಬದುಕುವ ಹೆಂಗಸರು, ಅವರ ಮನೆಯವರಿಗಾಗಿ ಕೆಲಸ ಮಾಡುವ ಮಿಲನದಂಥ ಸಂಸ್ಥೆಗಳು ಬೆಂಗಳೂರಿನಲ್ಲಿವೆ. 1097 ಅನ್ನುವ ಉಚಿತ ಸಹಾಯವಾಣಿಯೂ ಇದೆ, ಹೆಸರು ಹೇಳಬೇಕಾಗಿಲ್ಲ. ಹೆರಿಗೆಗೆ ಮೊದಲೇ ಒಬ್ಬರನ್ನಾದರೂ ಹುಡುಕಿಕೊಳ್ಳಿ. ಬಾಣಂತಿಯಾದ ಮೇಲೆ ಮನೆಯಿಂದ ಹೊರಗೆ ಬಿಡಲ್ಲ, ಅಲ್ವಾ?

ಏಳನೇ ತಿಂಗಳಲ್ಲಿ ಅಮ್ಮನಿಗೆ ಹೇಳಿದೆ. ಬಾಣಂತನ ಮಾಡುವವಳು ಅವಳೇ, ಮುಚ್ಚಿಡಲು ಆಗುವುದಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಆದರೆ ಮಾರನೇ ದಿನದಿಂದ ನನ್ನ ಲೋಟ ಬೇರೆ ಇಟ್ಟಳು. ಹಾಲಿನ ಪಾತ್ರೆ ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಲೋಟ. ಅದನ್ನು ನೋಡಿದಾಗ ಆದ ನೋವು ರಿಪೋರ್ಟ್ ನೋಡಿದಾಗಲೂ ಆಗಿರಲಿಲ್ಲ. ನಾನು ವಾದ ಮಾಡದೆ ಅವಳನ್ನು ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದೆ. ಅವರು ಲೋಟ, ತಟ್ಟೆ, ಬಚ್ಚಲು, ಸೊಳ್ಳೆ ಯಾವುದರಿಂದಲೂ ಹರಡಲ್ಲ ಅಂತ ಹೇಳಿದರು. ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಮಗೂಗೆ ಮುತ್ತು ಕೊಡಬಹುದಾ?" ನೀಲಿ ಲೋಟ ಆಮೇಲೆ ಹೂವಿನ ಕುಂಡಕ್ಕೆ ನೀರು ಹಾಕಲು ಹೋಯಿತು. ಮನೆಯವರಿಗೆ ನಾವೇ ಹೇಳಿದರೆ ಅನುಮಾನ ಹೊಗೆಯಾಡುತ್ತೆ. ಬಿಳಿ ಕೋಟು ಹಾಕಿದವರು ಹೇಳಿದರೆ ನಂಬುತ್ತಾರೆ.

ಅತ್ತೆಗೆ ಹೇಳಲಿಲ್ಲ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವುದು ನಮ್ಮಿಷ್ಟ.

ಎಂಟನೇ ತಿಂಗಳು ದಾಟಿದಾಗ ವೈರಲ್ ಲೋಡ್ ಪರೀಕ್ಷೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ. ನನ್ನದರಲ್ಲಿ "ಟಾರ್ಗೆಟ್ ನಾಟ್ ಡಿಟೆಕ್ಟೆಡ್" ಅಂತ ಬಂತು. ಮಷೀನಿಗೆ ಸಿಗದಷ್ಟು ಕಮ್ಮಿ. ಹಾಗಿದ್ದರೆ ನಾರ್ಮಲ್ ಹೆರಿಗೆಗೆ ಅಡ್ಡಿ ಇಲ್ಲ. ಎಚ್‌ಐವಿ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಡಾಕ್ಟರುಗಳು ಚೆನ್ನಾಗಿ ನೋಡಿಕೊಂಡರು. ಒಬ್ಬ ನರ್ಸ್ ಮಾತ್ರ ವಾರ್ಡಿನ ಬಾಗಿಲಲ್ಲಿ ನಿಂತು, "ಎಆರ್‌ಟಿ ಪೇಷೆಂಟ್ ಯಾರಮ್ಮ?" ಅಂತ ಕೂಗಿದರು. ಪಕ್ಕದ ಹಾಸಿಗೆಯವಳು ಅಮ್ಮನನ್ನು ಅದೇನು ಅಂತ ಕೇಳಿದಳು. ಅಮ್ಮ "ಏನೋ ಸ್ಕೀಮಂತೆ, ದುಡ್ಡು ಬರುತ್ತೆ" ಅಂದಳು. ಆ ಹೆಂಗಸು ನಮಗೂ ಬರೆಸಿಕೊಡಿ ಅಂತ ಹಿಂದೆ ಬಿದ್ದಳು.

ಮಗು ಹುಟ್ಟಿದ ಕೂಡಲೇ, ತಾಯಿಯಿಂದ ಸೋಂಕು ತಗುಲದಿರಲಿ ಅಂತ ಕೊಡುವ ನೆವಿರಪಿನ್ ಸಿರಪ್ ಶುರು ಮಾಡಿದರು. ದಿನಕ್ಕೊಂದು ಸಲ, 6 ವಾರ. ತಾಯಿ ಮಾತ್ರೆ ತಡವಾಗಿ ಶುರು ಮಾಡಿದ್ದರೆ, ವೈರಸ್ ಹಿಡಿತಕ್ಕೆ ಬಂದಿರದಿದ್ದರೆ ಇನ್ನೂ ಜಾಸ್ತಿ ವಾರ ಕೊಡುತ್ತಾರೆ. ಹಾಲಿನ ವಿಷಯ ಮೊದಲೇ ಮಾತಾಡಿಕೊಂಡಿದ್ದೆವು. ಒಂದೋ 6 ತಿಂಗಳು ಎದೆಹಾಲು ಮಾತ್ರ, ಇಲ್ಲವೇ ಪೂರ್ತಿ ಡಬ್ಬಿ ಹಾಲು. ಎರಡನ್ನೂ ಬೆರೆಸಿ ಕೊಡುವುದೇ ಅಪಾಯ. ಮಾತ್ರೆ ತಪ್ಪಿಸದೆ ತಗೊಳ್ಳುವ ತಾಯಿ ಎದೆಹಾಲು ಕೊಡಬಹುದು. ನಾನು ಅದನ್ನೇ ಆರಿಸಿಕೊಂಡೆ. ಡಬ್ಬಿ ಹಾಲಿನ ಖರ್ಚು ನಮ್ಮ ಕೈಗೆಟುಕುತ್ತಲೂ ಇರಲಿಲ್ಲ, ಹಾಲು ಯಾಕೆ ಕುಡಿಸುತ್ತಿಲ್ಲ ಅನ್ನುವ ಪ್ರಶ್ನೆಗೆ ಉತ್ತರವೂ ಇರಲಿಲ್ಲ.

ಎದೆಹಾಲು ಮಾತ್ರ ಅಂದರೆ ನೀರೂ ಇಲ್ಲ. ಜೇನು ಇಲ್ಲ, ಬಜೆ ತೇಯ್ದು ನೆಕ್ಕಿಸುವ ಹಾಗಿಲ್ಲ, ಗ್ರೈಪ್ ವಾಟರ್ ಇಲ್ಲ, ಹಸುವಿನ ಹಾಲಂತೂ ಇಲ್ಲವೇ ಇಲ್ಲ. ತಿಪಟೂರು ಕಡೆಯಿಂದ ಅತ್ತೆ ಬಂದಾಗ ಬಜೆ ಕೊಂಬು, ಜಾಯಿಕಾಯಿ, ತೇಯುವ ಕಲ್ಲು ಎಲ್ಲ ಚೀಲದಲ್ಲಿ ತಂದಿದ್ದರು. ಅಮ್ಮ ಬಾಗಿಲಲ್ಲೇ "ಡಾಕ್ಟರು ಆರು ತಿಂಗಳು ಏನೂ ಮುಟ್ಟಿಸಬೇಡಿ ಅಂತ ಖಡಾಖಂಡಿತ ಹೇಳಿದ್ದಾರೆ, ಈಗ ಎಲ್ಲ ಮಕ್ಕಳಿಗೂ ಹಾಗೇ" ಅಂದಳು. ಅದು ಸುಳ್ಳೂ ಅಲ್ಲ. 6 ತಿಂಗಳು ಬರೀ ಎದೆಹಾಲು ಅನ್ನುವುದು ಎಲ್ಲ ಮಕ್ಕಳಿಗೂ ಹೇಳುವ ಮಾತೇ. ತಾಯಿ ಕಾರ್ಡಿನಲ್ಲೂ ಅಚ್ಚಾಗಿದೆ, ತೆಗೆದು ತೋರಿಸಿ. ಅತ್ತೆ ಮುನಿಸಿಕೊಂಡರು. ಮುನಿಸಿಕೊಳ್ಳಲಿ ಬಿಡಿ. ಸಿರಪ್ ಬಗ್ಗೆ ಕೇಳಿದ್ದಕ್ಕೆ ವಿಟಮಿನ್ ಅಂದೆವು. ಬಾಟಲಿಯನ್ನು ಡೈಪರ್ ಪ್ಯಾಕೆಟ್ ಒಳಗೆ ಇಡುತ್ತಿದ್ದೆ. ಗಂಡಸರೂ ಅತ್ತೆಯರೂ ಕೈ ಹಾಕದ ಜಾಗ ಅದೊಂದೇ.

ಎರಡನೇ ತಿಂಗಳಲ್ಲಿ ನನಗೆ ಏನೋ ಆಯಿತು. ಮಗು ಅತ್ತರೂ ಎತ್ತಿಕೊಳ್ಳಲು ಮನಸ್ಸಾಗದು, ನಿದ್ದೆ ಬಾರದು. ನಾನೇ ವಿಷ ಕುಡಿಸುತ್ತಿದ್ದೇನೆ ಅನ್ನಿಸೋದು. ಅಮ್ಮ ಬಾಣಂತಿ ಸನ್ನಿ ಅಂತ ದೃಷ್ಟಿ ತೆಗೆದಳು. ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವರು ತಮಾಷೆ ಬಿಟ್ಟು, 14416ಕ್ಕೆ ಈಗಲೇ ಮಾಡು ಅಂದರು. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಲ್ಲಿಂದ ನಿಮ್ಹಾನ್ಸ್‌ಗೆ ಹೋದೆ. ಬಾಣಂತಿಯರ ಮನಸ್ಸಿನ ಕಷ್ಟಕ್ಕೇ ಅಲ್ಲಿ ಬೇರೆ ವಿಭಾಗ ಇದೆ, ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡೂ 2009ರಿಂದ ಇದೆ. ನನಗೆ ಸೇರುವಷ್ಟೇನೂ ಆಗಿರಲಿಲ್ಲ. ಔಷಧಿ ಬರೆಯುವ ಮೊದಲು ಟಿಎಲ್‌ಡಿ ತಗೊಳ್ಳುವುದನ್ನು ಹೇಳಿ, ಹಸಿರು ಪುಸ್ತಕ ತೋರಿಸಿ. ಮುಚ್ಚಿಡುವ ಜಾಗ ಅದಲ್ಲ. ಗಂಡ ಬಾಯಿ ಬಿಟ್ಟಿದ್ದೂ ಆಗಲೇ. ನಿಮ್ಹಾನ್ಸ್ ಹೊರಗೆ ಟೀ ಕುಡಿಯುವಾಗ, "ನಿಂಗೇನಾದ್ರೂ ಆದ್ರೆ ನಾನು ಯಾರಿಗೆ ಹೇಳ್ಲಿ?" ಅಂದರು. ಅವರಿಗೂ ಮಾತಾಡಲು ಯಾರೂ ಇರಲಿಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಈಗ ಅವರೂ ಗಂಡಸರ ಗುಂಪಿಗೆ ಹೋಗುತ್ತಾರೆ.

ಮಗುವಿನ ಪರೀಕ್ಷೆ 6 ವಾರಕ್ಕೆ, 6 ತಿಂಗಳಿಗೆ, 12 ತಿಂಗಳಿಗೆ, ಕೊನೆಗೆ 18 ತಿಂಗಳಿಗೆ. ಮೊದಲ ಸಲ ಹಿಮ್ಮಡಿ ಚುಚ್ಚಿ, ಒಂದು ಕಾರ್ಡಿನ ಮೇಲಿರುವ ಸುತ್ತುಗಳಿಗೆ ರಕ್ತದ ಹನಿ ಬೀಳಿಸುತ್ತಾರೆ. ಒಂದೊಂದು ಸುತ್ತೂ ತುಂಬಬೇಕು. ಕಾಲು ಬೆಚ್ಚಗಿದ್ದರೆ ರಕ್ತ ಬೇಗ ಬರುತ್ತೆ, ಸಾಕ್ಸ್ ಹಾಕಿಕೊಂಡು ಹೋಗಿ. ಕಾರ್ಡ್ ಒಣಗಿಸಿ ಲ್ಯಾಬ್‌ಗೆ ಕಳಿಸುತ್ತಾರೆ, ರಿಪೋರ್ಟ್ ಬರಲು ವಾರಗಳೇ ಬೇಕು. ಈ ಕಾಯುವುದೇ ಇಡೀ ಪ್ರಕ್ರಿಯೆಯಲ್ಲಿ ಕೆಟ್ಟದ್ದು. ಮಗು ಸೀನಿದರೂ ಜೀವ ಹೋಗುತ್ತೆ. ಕೌನ್ಸೆಲರ್ ನಂಬರ್ ಇಟ್ಟುಕೊಂಡು ನೀವೇ ಕೇಳುತ್ತಿರಿ, ಅವರೇ ಹೇಳುತ್ತಾರೆ ಅಂತ ಕೂರಬೇಡಿ. 6 ವಾರದಿಂದ ಕೋಟ್ರಿಮಾಕ್ಸಜೋಲ್ ಅನ್ನುವ ಇನ್ನೊಂದು ಔಷಧಿ ಕೊಡುತ್ತಾರೆ. ಅದು ಬೇರೆ ಸೋಂಕು ತಗುಲದಿರಲಿ ಅಂತ. ಅದನ್ನು ನೋಡಿ ಮಗುವಿಗೆ ಬಂದೇಬಿಟ್ಟಿದೆ ಅಂತ ಹೆದರಬೇಡಿ.

ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದೆ. ವರ್ಷ ತುಂಬಿದ ಮೇಲೆ ಹಾಲು ಬಿಡಿಸಿದೆ, ಒಮ್ಮೆಲೇ ಅಲ್ಲ, ನಿಧಾನಕ್ಕೆ. ಹದಿನೆಂಟು ತಿಂಗಳ ತನಕ ಯಾಕೆ ಎಳೆಯುತ್ತಾರೆ ಅಂದರೆ, ವೈರಸ್ ವಿರುದ್ಧ ತಾಯಿಯ ಮೈಯಲ್ಲಿ ಹುಟ್ಟಿ, ಅವಳ ರಕ್ತದಿಂದ ಬಂದ ಪ್ರತಿಕಾಯಗಳು ಮಗುವಿನ ಮೈಯಲ್ಲಿ ಅಷ್ಟು ದಿನ ಉಳಿದಿರಬಹುದು. ಅದಕ್ಕೂ ಮೊದಲು ಪ್ರತಿಕಾಯ ಹುಡುಕುವ ಮಾಮೂಲಿ ಪರೀಕ್ಷೆ ಮಾಡಿಸಿದರೆ ಸೋಂಕಿಲ್ಲದ ಮಗುವಿಗೂ ಪಾಸಿಟಿವ್ ಅಂತ ತೋರಿಸಬಹುದು. ನಮ್ಮ ಗುಂಪಿನ ಒಬ್ಬಳು ತಡೆಯಲಾಗದೆ ಒಂಬತ್ತು ತಿಂಗಳಿಗೇ ಹೊರಗೆ ಮಾಡಿಸಿ, ಒಂದು ವಾರ ಅನ್ನ ನೀರು ಬಿಟ್ಟಿದ್ದಳು. ಅವಳ ಮಗ ಈಗ ಅಂಗನವಾಡಿಯಲ್ಲಿ ಕುಣಿಯುತ್ತಿದ್ದಾನೆ, ನೆಗೆಟಿವ್.

ಖರ್ಚಿನ ವಿಷಯ. ಮಾತ್ರೆ, ಪರೀಕ್ಷೆ, ಸಿರಪ್ ಎಲ್ಲ ಉಚಿತ. ಹೋದದ್ದು ಕೂಲಿ. ಪ್ರತಿ ಸಲ ಒಂದು ದಿನದ ರಜೆ, ಅಟೆಂಡೆನ್ಸ್ ಬೋನಸ್ ಕಟ್. ಇಎಸ್‌ಐ ಇದ್ದಿದ್ದರಿಂದ 26 ವಾರದ ಹೆರಿಗೆ ಭತ್ಯೆ ಬಂತು. ಕಾಗದದಲ್ಲಿ ಕಾಯಿಲೆ ವಿಷಯ ಕಂಪನಿಗೆ ಹೋಗುತ್ತೇನೋ ಅಂತ ಹೆದರಿದ್ದೆ. ಅದರಲ್ಲಿ ಹೆರಿಗೆಯ ವಿವರ ಬಿಟ್ಟು ಬೇರೇನೂ ಇರಲಿಲ್ಲ. ಕೆಲಸ ಬಿಟ್ಟವರು, ಗಂಡ ಇಲ್ಲದವರು ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಬಗ್ಗೆ ವಿಚಾರಿಸಿ. ಎಚ್‌ಐವಿ ಇರುವ ಹೆಂಗಸರು ಸಣ್ಣಪುಟ್ಟ ವ್ಯಾಪಾರ ಮಾಡಲು ನೆರವು ಕೊಡುವ ಯೋಜನೆ ಅದು.

18 ತಿಂಗಳ ರಿಪೋರ್ಟ್ ಬಂದ ದಿನ ಹಳೆಯ ಕಾಗದವನ್ನೆಲ್ಲ ಸುಟ್ಟುಬಿಡೋಣ ಅನ್ನಿಸಿತು. ಕೌನ್ಸೆಲರ್ ಬೇಡ ಅಂದರು. ಮುಂದೆ ಯಾವ ಡಾಕ್ಟರಾದರೂ ಕೇಳಿದರೆ ತೋರಿಸಲು ಕೊನೆಯ ರಿಪೋರ್ಟ್ ಇರಬೇಕು. ಅಮ್ಮನ ಟ್ರಂಕಿನಲ್ಲಿ ಸೀರೆ ಕೆಳಗಿಟ್ಟಿದ್ದೇವೆ. ಮಗಳ ಹೆಸರನ್ನು ಸೆಂಟರಿನ ಲೆಕ್ಕದಿಂದ ತೆಗೆದರು, ನನ್ನದು ಅಲ್ಲೇ ಇದೆ, ಇರುತ್ತೆ. ಅತ್ತೆಗೆ ಇನ್ನೂ ಹೇಳಿಲ್ಲ, ಎರಡನೇ ಮಗು ಯಾವಾಗ ಅಂತ ಕೇಳಲು ಶುರು ಮಾಡಿದ್ದಾರೆ. ಮುಂದಿನ ವೈರಲ್ ಲೋಡ್ ಪರೀಕ್ಷೆ ಆಷಾಢದಲ್ಲಿದೆ. ಗಂಡನದ್ದೂ ಅದೇ ದಿನಕ್ಕೆ ಹಾಕಿಸಿಕೊಂಡಿದ್ದೇವೆ, ಒಂದೇ ರಜೆಯಲ್ಲಿ ಮುಗಿಯಲಿ ಅಂತ.